ಮೂರನೇ ಮಗ್ಗದ ಹಿಂದಿನ ಗೋಡೆಯ ಇಂಗ್ಲಿಷ್

ಹಗಲು ಹೊತ್ತು ನಮ್ಮ ಮನೆಯಲ್ಲಿ ಯಾರಿಗೂ ಹೆಸರಿರುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯ ಮನೆಗಳೆಲ್ಲ ಒಂದೇ ನಮೂನೆ: ಮುಂದೆ ಮನುಷ್ಯರು, ಹಿಂದೆ ಪವರ್‌ಲೂಮ್. ನಮ್ಮ ಶೆಡ್ಡಿನಲ್ಲಿ ಆರು ಮಗ್ಗಗಳಿವೆ. ಆರೂ ಒಟ್ಟಿಗೆ ಹೊಡೆಯತೊಡಗಿದರೆ ಪಕ್ಕದಲ್ಲೇ ನಿಂತವನ ಹೆಸರು ಹಿಡಿದು ಕೂಗಿದರೂ ಅದು ಅವನ ಕಿವಿ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಕೈಯೇ ಮಾತಾಡುತ್ತದೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ ಎಂದು. ಮುಷ್ಟಿ ತಿರುವಿದರೆ ಲಾಳಿಯೊಳಗಿನ ನೂಲು ತೀರಿದೆ ಎಂದು. ಅಂಗೈ ಎತ್ತಿ ತೋರಿಸಿದರೆ ತಡಿ, ನಿಲ್ಲಿಸು. ಎರಡೂ ಮುಂಗೈಗಳನ್ನು ಒಂದರ ಸುತ್ತ ಒಂದು ಉರುಳಿಸಿದರೆ ಮಗ್ಗಕ್ಕೆ ಹಾಸುನೂಲು ಸುತ್ತಿದ ಹೊಸ ಬೀಮ್ ಏರಿಸುವ ಹೊತ್ತು ಬಂತು, ಅಂದರೆ ಹಳೆಯ ಹಾಸು ಮುಗಿದು ಹೊಸ ಸೀರೆಗಳು ಶುರುವಾಗುತ್ತವೆ ಎಂದು.

ಮನುಷ್ಯರಿಗೂ ಒಂದೊಂದು ಸನ್ನೆ. ತಲೆಯ ಮೇಲೆ ಸೆರಗು ಎಳೆದುಕೊಂಡಂತೆ ಮಾಡಿದರೆ ಅವ್ವ. ಮೀಸೆ ತಿರುವಿದರೆ ಅಣ್ಣ. ಅಣ್ಣನಿಗೆ ಈಗ ಮೀಸೆಯಿಲ್ಲ, ಕಾಲೇಜಿನಲ್ಲಿದ್ದಾಗ ಮೂರು ತಿಂಗಳು ಬಿಟ್ಟಿದ್ದ, ಅಷ್ಟಕ್ಕೇ ಜೀವಮಾನದ ಸನ್ನೆ ಗಟ್ಟಿಯಾಯಿತು. ನನ್ನದು ಮೇಲೆ ನಾಲ್ಕು ಬೆರಳು, ಕೆಳಗೆ ಹೆಬ್ಬೆರಳು, ಬಾತುಕೋಳಿಯ ಕೊಕ್ಕಿನ ಹಾಗೆ ಪಟಪಟ ಬಡಿಯುವುದು. ಇದಕ್ಕೆ ನನ್ನ ತಕರಾರೇನೂ ಇಲ್ಲ. ನಾನು ಮಿಮಿಕ್ರಿ ಮಾಡಿ ಬದುಕುವವನು. ಜಮಖಂಡಿ ಬಸ್ ಸ್ಟ್ಯಾಂಡಿನ ಮೈಕು, ಮುಧೋಳ ಗಾಡಿಯ ಕಂಡಕ್ಟರು ಚಿಲ್ಲರೆ ಇಲ್ಲವೆಂದು ಮುಖ ತಿರುಗಿಸುವುದು, ಬೀಳಗಿಯ ನಮ್ಮ ದೊಡ್ಡಪ್ಪನ ಏಳು ಕಂತಿನ ಸೀನು, ಎಲ್ಲವೂ ನನ್ನ ಗಂಟಲಲ್ಲಿವೆ. ಮದುವೆಗಳಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಷ್ಟೆಲ್ಲ ದನಿಗಳ ನಡುವೆ ನಿನ್ನದು ಯಾವುದೋ ಎಂದು ಅವ್ವ ಆಗಾಗ ಕೇಳುತ್ತಾಳೆ. ಹುಡುಕುತ್ತಿದ್ದೇನೆ ಎಂದು ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ಹೇಳುತ್ತೇನೆ.

ಅಂಗೈಯ ಮೇಲೆ ಬೆರಳಿನಿಂದ ಬರೆದಂತೆ ಮಾಡಿದರೆ ವೈನಿ, ನಮ್ಮಣ್ಣನ ಹೆಂಡತಿ. ಈ ಬರಹ ಅವರದೇ ಕಥೆ. ಸಾವಳಗಿಯವರು. ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ಬಿ.ಎ. ಓದಿದರು, ಬಿ.ಎಡ್. ಮುಗಿಸಿದರು, ಅದೇ ವರ್ಷ ಮದುವೆಯಾಗಿ ನಮ್ಮ ಮನೆಗೆ ಬಂದರು. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು, ವೈನಿ ಮೂರನೇ ಮಗ್ಗದ ಮುಂದೆ ನಿಂತರು. ಆಗ ನಾನು ಹೈಸ್ಕೂಲು. ಎಂಟು ವರ್ಷವಾಯಿತು.

ಮೂರನೇ ಮಗ್ಗದ ಹಿಂದೆ ಒಂದು ಗೋಡೆಯಿದೆ. ವೈನಿ ಬಂದ ತಿಂಗಳೊಳಗೇ ಅದರ ಮೇಲೆ ಚಾಕ್‌ಪೀಸಿನಲ್ಲಿ ಎರಡು ಇಂಗ್ಲಿಷ್ ಪದ ಕಾಣಿಸಿದವು, ಅಕ್ಕಪಕ್ಕ, ಅಣ್ಣತಮ್ಮಂದಿರ ಹಾಗೆ. ನಾಲ್ಕು ದಿನ ಇದ್ದು ಅಳಿಸಿಹೋದವು, ಬೇರೆ ಎರಡು ಬಂದವು. ಮಗ್ಗ ನೋಡಿಕೊಳ್ಳುತ್ತ ಆ ಎರಡು ಪದಗಳ ನಡುವಿನ ಸಂದಿಯನ್ನು ಹುಡುಕುವುದು ಅವರ ಆಟ. ಒಂದೇ ಅರ್ಥವೆಂದು ನಾವೆಲ್ಲ ಬಳಸುವ, ಆದರೆ ಒಂದೇ ಅಲ್ಲದ ಪದಗಳು. ಸಂದಿ ಸಿಕ್ಕ ದಿನ ಅಳಿಸುತ್ತಿದ್ದರು.

ಮೊದಲ ಸಲ ನನಗೆ ಅರ್ಥ ಬಿಡಿಸಿದ್ದು ಹಿಯರ್ ಮತ್ತು ಲಿಸನ್. ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಎರಡೂ ಕೇಳುವುದೇ ಅಲ್ಲವೇನ್ರಿ ಎಂದು ನಾನು ವಾದಕ್ಕಿಳಿದಿದ್ದೆ.

"ಆರು ಮಗ್ಗದ ಸಪ್ಪಳ ನಿನ್ನ ಕಿವಿಗೂ ಬೀಳ್ತೈತಿ, ಅತ್ತಿಯವರ ಕಿವಿಗೂ ಬೀಳ್ತೈತಿ," ಅಂದರು ವೈನಿ. "ನಿಂದು ಹಿಯರ್. ಅಡಿಗಿಮನ್ಯಾಗ ಕುಂತು, ಐದನೇ ಮಗ್ಗದ ಬೆಲ್ಟ್ ಸಡ್ಲಾಗೈತಿ ನೋಡೋ ಅಂತಾರಲ್ಲ, ಅವರದು ಲಿಸನ್."

ಖರೆ. ಅವ್ವ ರೊಟ್ಟಿ ತಟ್ಟುತ್ತಲೇ ಮಗ್ಗದ ನಾಡಿ ಹಿಡಿಯುತ್ತಾಳೆ. ಅಷ್ಟು ವರ್ಷ ಅದನ್ನು ನಾನು ಕಂಡಿದ್ದೆ, ಆದರೆ ಅದಕ್ಕೊಂದು ಪದವಿದೆ ಎಂದು ಯೋಚಿಸಿರಲಿಲ್ಲ. ಇನ್ನೊಂದು ಸಲ ಸೀ, ಲುಕ್, ವಾಚ್ ಎಂದು ಮೂರು ಪದ ನಿಂತಿದ್ದವು. ಅದಕ್ಕೆ ಉದಾಹರಣೆ ನಾನೇ. ಅಣ್ಣ ಇಲ್ಲದ ಒಂದು ದಿನ ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿದ್ದರು. ಕಿಟಕಿಯಾಚೆ ಎಮ್ಮೆಯೊಂದು ಹೋದದ್ದು ಕಣ್ಣಿಗೆ ಬಿತ್ತು: ಸೀ. ಯಾರ ಎಮ್ಮೆ ಎಂದು ಕತ್ತು ತಿರುಗಿಸಿದೆ: ಲುಕ್. ಅಷ್ಟರಲ್ಲಿ ಸೀರೆಯಲ್ಲಿ ಒಂದು ಗೇಣು ಎಳೆ ತಪ್ಪಿತ್ತು. ನಾನು ಮಾಡಬೇಕಾಗಿದ್ದ, ಮಾಡದೇ ಬಿಟ್ಟ ಕೆಲಸದ ಹೆಸರು ವಾಚ್. ಆಮೇಲೆ ನನಗೆ ಯಾರೂ ಮಗ್ಗ ಕೊಡಲಿಲ್ಲ. ಎಮ್ಮೆಗೆ ನಾನು ಋಣಿ.

ನನ್ನ ಇಂಗ್ಲಿಷಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಅರ್ಧ ತಾಸು ಇಂಗ್ಲಿಷ್ ಮಾತಾಡಬಲ್ಲೆ. ಕ್ರಿಕೆಟ್ ಕಾಮೆಂಟರಿಯವರ ಹಾಗೆ, ವಿಮಾನದವರ ಹಾಗೆ, ಸಾಹೇಬರು ಸಿಟ್ಟಿಗೆದ್ದ ಹಾಗೆ. ಅದರಲ್ಲಿ ಅರ್ಥವಿರುವ ವಾಕ್ಯ ಒಂದೂ ಇರುವುದಿಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ. ವೈನಿಯದು ಇದಕ್ಕೆ ಉಲ್ಟಾ. ಎಲ್ಲ ಅರ್ಥವೂ ಇತ್ತು, ಕೇಳುವವರು ಮಾತ್ರ ಇರಲಿಲ್ಲ. ಗೋಡೆಯೊಂದೇ.

ಹೋದ ಬೇಸಿಗೆಯಲ್ಲಿ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಬಂತು. ಚಿಮ್ಮಡದ ಕಡೆ ಹೋಗುವ ರಸ್ತೆಯಲ್ಲಿ ಒಂದು ಇಂಗ್ಲಿಷ್ ಮೀಡಿಯಂ ಶಾಲೆ, ಮೂರನೇ ಕ್ಲಾಸಿಗೆ ಟೀಚರ್ ಬೇಕು. ಬರುವವರು ಮಕ್ಕಳ ಮುಂದೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ವಿಷಯ: ಒಂದಕ್ಕೊಂದು ಗೊಂದಲವಾಗುವ ಇಂಗ್ಲಿಷ್ ಪದಗಳು. ನಾನು ಓದಿ ಫೋನನ್ನು ವೈನಿಯ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ಫೋನನ್ನು ನನಗೇ ಕೊಟ್ಟು ಮಗ್ಗಕ್ಕೆ ಹೋದರು. ಸಂಜೆ ನೋಡಿದರೆ ಗೋಡೆಯ ಮೇಲೆ ವರ್ಕ್ ಮತ್ತು ಜಾಬ್ ಎಂದಿತ್ತು. ಅದನ್ನು ಅವರು ವಿವರಿಸಲಿಲ್ಲ. ನಾನೂ ಕೇಳಲಿಲ್ಲ, ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

ರಾತ್ರಿ ಊಟಕ್ಕೆ ಕೂತಾಗ ವೈನಿ ವಿಷಯ ಎತ್ತಿದರು. ಅಣ್ಣ ಅವ್ವನ ಮುಖ ನೋಡಿದ. ಮೂರನೇ ಮಗ್ಗಕ್ಕೆ ಯಾರು ನಿಲ್ಲುತ್ತಾರೆ ಎಂದು ಅವ್ವ ಕೇಳಲಿಲ್ಲ, ಆದರೆ ಅವಳು ರೊಟ್ಟಿ ಮುರಿದ ಸದ್ದಿನಲ್ಲಿ ಅದೇ ಪ್ರಶ್ನೆ ಇತ್ತು. ಹೋಗಿ ಬಾ, ಆದರ ನೋಡೂಣು ಅಂದಳು. ಮರುದಿನ ವೈನಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ನನ್ನೊಬ್ಬನಿಗೇ ಹೇಳಿದರು:

"ಎಂಟು ವರ್ಷದಾಗ ಒಂದ ಸಲ ಕೇಳೀನಿ. ಇದು ಆಗಲಿಲ್ಲಂದ್ರ ಮತ್ತ ನಾ ಕೇಳಂಗಿಲ್ಲ."

ಹೇಳಿದ್ದನ್ನು ಮಾಡುವ ಹೆಂಗಸು ಅವರು.

ಪದಗಳ ಬಗ್ಗೆ ಅವರಿಗೆ ಅಂಜಿಕೆ ಇರಲಿಲ್ಲ. ಅಂಜಿಕೆ ಇದ್ದದ್ದು ದನಿಯ ಬಗ್ಗೆ. ಮಗ್ಗದ ಜನರ ದನಿ ದೊಡ್ಡದು. ಶೆಡ್ಡಿನ ಹೊರಗೆ ಬಂದರೂ ಆರು ಮಗ್ಗಗಳು ತಲೆಯಲ್ಲಿ ಹೊಡೆಯುತ್ತಲೇ ಇರುತ್ತವೆ, ಅವುಗಳನ್ನು ಮೀರಿ ಮಾತಾಡುತ್ತೇವೆ. ನಾವು ಪ್ರೀತಿಯಿಂದ ಬಾ ಅಂದರೂ ಪರವೂರಿನವರು ಜಗಳ ಅಂದುಕೊಳ್ಳುತ್ತಾರೆ. ವೈನಿಯದಂತೂ ಸಾವಳಗಿಯ ಹೊಲದ ದನಿ, ಅದರ ಮೇಲೆ ಎಂಟು ವರ್ಷದ ಮಗ್ಗ.

ಇಲ್ಲಿ ನನ್ನ ಒಂದು ಪಾಪ ಹೇಳಬೇಕು. ಅದಕ್ಕೆ ಎರಡು ವರ್ಷ ಹಿಂದೆ ಸಾವಳಗಿಯಲ್ಲಿ ವೈನಿಯ ತಂಗಿಗೆ ಕುಬಸ ಇಟ್ಟುಕೊಂಡಿದ್ದರು. ಬಸುರಿ ಹುಡುಗಿಗೆ ಹೂವು ಮುಡಿಸಿ ಕೂರಿಸಿದ್ದರು, ಹೆಂಗಸರೆಲ್ಲ ಸೇರಿದ್ದರು, ನನ್ನನ್ನು ಏನಾದರೂ ಮಾಡು ಅಂದರು. ಕಂಡಕ್ಟರು ಆಯಿತು, ದೊಡ್ಡಪ್ಪನ ಸೀನಾಯಿತು. ಇನ್ನೇನು ಎಂದಾಗ, ನಮ್ಮ ವೈನಿ ಬನಹಟ್ಟಿಯಿಂದ ತವರಿಗೆ ಫೋನು ಮಾಡುವುದನ್ನು ಮಾಡಿಬಿಟ್ಟೆ. ಫೋನೇ ಬೇಡ, ಹಾಗೇ ಕೇಳುತ್ತದೆ ಎಂಬ ಮಾತನ್ನೂ ಕೊನೆಗೆ ಸೇರಿಸಿದೆ. ಮನೆ ಹಾರಿಹೋಗುವ ಹಾಗೆ ನಕ್ಕರು. ವೈನಿಯೂ ಸೆರಗು ಬಾಯಿಗಿಟ್ಟು ನಕ್ಕರು. ಆದರೆ ಅಂದಿನಿಂದ ಅವರು ಯಾರ ಮುಂದೆಯೂ ಫೋನಿನಲ್ಲಿ ಮಾತಾಡಿರಲಿಲ್ಲ. ತವರಿಂದ ಫೋನು ಬಂದರೆ ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಪಿಸುಮಾತಿನಲ್ಲಿ ಹೂಂ ಹೂಂ ಅನ್ನುತ್ತಿದ್ದರು. ನಾನು ಅದನ್ನು ಗಮನಿಸಿದ್ದು ಬಹಳ ತಡವಾಗಿ. ನಾನು ಕೇಳಿಸಿಕೊಳ್ಳುವ ಮನುಷ್ಯ, ಕಿವಿಗೊಡುವವನಲ್ಲ ಎಂದು ಆಗಲೇ ಹೇಳಿದೆನಲ್ಲ.

ಹೀಗಾಗಿ ದನಿ ಕಲಿಸುವ ಹೊಣೆ ನಾನೇ ಹೊತ್ತೆ. ಕರೆಂಟು ಹೋದಾಗಲೆಲ್ಲ ಪಡಸಾಲೆಯಲ್ಲಿ ನಮ್ಮ ಕ್ಲಾಸು. ಆ ವಾರ ಕರೆಂಟು ದಿನಕ್ಕೆ ಎರಡು ಮೂರು ಸಲ ಹೋಯಿತು, ಅಣ್ಣ ಬೈದ, ನಾವಿಬ್ಬರು ಖುಷಿಪಟ್ಟೆವು. ಇಂಗ್ಲಿಷ್ ಮೀಡಿಯಂ ಮೇಡಮ್ಮಿಗೆ ಬೇಕಾದ ದನಿಯನ್ನು ನಾನು ಮೂರು ಕಡೆಯಿಂದ ತಂದು ಹೊಲಿದೆ: ಬ್ಯಾಂಕಿಗೆ ಫೋನು ಮಾಡಿದರೆ ಬರುವ ರೆಕಾರ್ಡಿನ ಹೆಂಗಸು, ಟೂತ್‌ಪೇಸ್ಟ್ ಜಾಹೀರಾತಿನ ಡಾಕ್ಟರು, ಮತ್ತು ಕಾಲೇಜಿನಲ್ಲಿ ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದ ಲೆಕ್ಚರರು. ಮೆತ್ತಗೆ, ಸಣ್ಣಗೆ, ಪ್ರತಿ ವಾಕ್ಯದ ಕೊನೆಗೆ ಒಂದು ಎಳೆತ. ವೈನಿ ಅದನ್ನು ಮೂರೇ ದಿನದಲ್ಲಿ ಅಕ್ಷರ ಬಿಡದೆ ಕಲಿತರು. ನನಗಿಂತ ಚೆನ್ನಾಗಿ. ನಾಲ್ಕನೆಯ ದಿನ ಅವರು "ಗುಡ್ ಮಾರ್ನಿಂಗ್ ಚಿಲ್ಡ್ರನ್" ಎಂದದ್ದೇ ತಡ, ಅಡಿಗೆಮನೆಯಿಂದ ಅವ್ವ ಕೇಳಿದಳು:

"ಯಾರ ಬಂದಾರೋ? ಚಾ ಇಡ್ಲೇನು?"

ನನ್ನ ಜೀವನದ ಅತಿ ದೊಡ್ಡ ಗೆಲುವು ಇದೇ ಅಂದುಕೊಂಡೆ. ವೈನಿ ನಗಲಿಲ್ಲ. ಅತ್ತೆಗೆ ತಮ್ಮ ಗುರುತು ಸಿಗಲಿಲ್ಲವಲ್ಲ ಎಂಬ ಒಂದು ಗೆರೆ ಅವರ ಹಣೆಯ ಮೇಲೆ ಬಂದು ಹೋಯಿತು.

ಪಾಠದ ದಿನ ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಹೆಡ್ ಮೇಡಂ ಜಮಖಂಡಿಯವರು, ದಿನಾ ಬಸ್ಸಿಗೆ ಬಂದು ಹೋಗುವವರು, ಕನ್ನಡಕಕ್ಕೆ ಸರಪಳಿ. ರಜೆಯಿದ್ದರೂ ಅಕ್ಕಪಕ್ಕದ ಓಣಿಗಳಿಂದ ಇಪ್ಪತ್ತು ಮಕ್ಕಳನ್ನು ಕರೆಸಿ ಕೂರಿಸಿದ್ದರು. ವೈನಿಗೆ ಒಂದು ಚೀಟಿ ಕೊಟ್ಟರು. ಎರಡು ಜೋಡಿ ಪದ: ಸ್ಟಾಪ್ ಮತ್ತು ಫಿನಿಶ್, ಹಿಯರ್ ಮತ್ತು ಲಿಸನ್. ಎರಡನೆಯದನ್ನು ನೋಡಿ ನಾನು ಒಳಗೊಳಗೇ ಕುಣಿದೆ. ನನಗೆ ಕೊನೆಯ ಬೆಂಚು ಸಿಕ್ಕಿತು. ಮೂರನೇ ಕ್ಲಾಸಿನ ಬೆಂಚು, ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹೆಡ್ ಮೇಡಂ.

ವೈನಿ ಬೋರ್ಡಿನ ಮೇಲೆ ಚೆಂದಾಗಿ ಎರಡು ಪದ ಬರೆದರು. ತಿರುಗಿ ನಿಂತು, ನಾನು ಹೊಲಿದುಕೊಟ್ಟ ದನಿಯಲ್ಲಿ ಶುರು ಮಾಡಿದರು. ಒಂದು ವಾಕ್ಯ ಮುಗಿಯಿತು. ಎರಡನೆಯದು ನಡೆಯುತ್ತಿರುವಾಗ ಎರಡನೇ ಬೆಂಚಿನ ಒಬ್ಬ ಹುಡುಗ, ಹಲ್ಲು ಬಿದ್ದ ಬಾಯಲ್ಲಿ, ಅದೇ ಎಳೆತದಲ್ಲಿ ಅಂದ:

"ಕನ್ನಡಕ್ಕಾಗಿ ಒಂದನ್ನು ಒತ್ತಿರಿ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ದನಿ ಕದ್ದ ಜಾಗವನ್ನು ಎಂಟು ವರ್ಷದ ಪೋರ ಒಂದೇ ನಿಮಿಷದಲ್ಲಿ ಪತ್ತೆ ಹಚ್ಚಿದ್ದ. ಕಲಾವಿದನಾಗಿ ಅವನ ಬೆನ್ನು ತಟ್ಟಬೇಕೆನಿಸಿತು, ಮೈದುನನಾಗಿ ನೆಲ ಬಾಯಿ ಬಿಡಬಾರದೇ ಎನಿಸಿತು.

ವೈನಿಯ ಮುಖ ಬಿಳಿಚಿತು. ಆ ಮುಖ ನನಗೆ ಗೊತ್ತು, ಕುಬಸದ ದಿನ ಸೆರಗಿನ ಹಿಂದೆ ಇದ್ದದ್ದು ಅದೇ. ಅವರ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಹೊರಗಿನವರಿಗೆ ಅದು ಬಾಯಿ ಕಟ್ಟಿಹೋದ ಹಾಗೆ ಕಂಡಿರಬೇಕು. ಆದರೆ ಮಗ್ಗದವರು ಗಾಬರಿಯಾದಾಗ ಹಾಗೇ ಮಾಡುವುದು. ಶೆಡ್ಡಿನಲ್ಲಿ ಏನಾದರೂ ಕೆಟ್ಟರೆ ನಾವು ಕೂಗುವುದಿಲ್ಲ, ಕೂಗಿ ಉಪಯೋಗವಿಲ್ಲ. ತುಟಿ ಆಡಿಸುತ್ತೇವೆ, ಕೈ ಎತ್ತುತ್ತೇವೆ. ವೈನಿಯ ಕೈ ತಾನಾಗಿಯೇ ಮೇಲೆ ಹೋಯಿತು. ಅಂಗೈ.

ನಗು ಕತ್ತರಿಸಿದ ಹಾಗೆ ನಿಂತಿತು. ಯಾಕೆಂದರೆ ಕೂತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಮಗ್ಗದ ಮನೆಯವರು. ಆ ಅಂಗೈ ಕಂಡರೆ ನಿಲ್ಲಬೇಕೆಂಬುದು ಅವರಿಗೆ ತೊಟ್ಟಿಲಿಂದಲೇ ಗೊತ್ತು. ಉಳಿದವರು ಇವರನ್ನು ನೋಡಿ ಸುಮ್ಮನಾದರು. ಹಲ್ಲಿಲ್ಲದ ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡ.

ವೈನಿ ಕೂಡ ಅದನ್ನು ಕಂಡರು. ಆಮೇಲೆ ಎರಡೂ ಕೈಗಳಿಂದ ಗಾಳಿಯಲ್ಲಿ ಒಂದು ಮಗ್ಗ ಓಡಿಸಿದರು. ಲಾಳಿ ಎಡಕ್ಕೆ, ಬಲಕ್ಕೆ, ಎಡಕ್ಕೆ. ಎರಡು ಬೆರಳು ಕತ್ತರಿಯಾದವು. ಮಗ್ಗ ನಿಂತಿತು. ಬೆರಳು ಬೋರ್ಡಿನ ಮೊದಲ ಪದದ ಕಡೆ ಹೋಯಿತು. ಗಂಟು ಹಾಕಿದರು, ಮಗ್ಗ ಮತ್ತೆ ನಡೆಯಿತು, ನಡೆದು ನಡೆದು ಸೀರೆ ಮುಗಿಯಿತು. ಇಲ್ಲದ ಸೀರೆಯನ್ನು ಕತ್ತರಿಸಿ, ಕೊಡವಿ, ಮಡಚಿ, ಮೊದಲ ಬೆಂಚಿನ ಹುಡುಗಿಯ ತೊಡೆಯ ಮೇಲಿಟ್ಟರು. ಆ ಹುಡುಗಿ ಎರಡೂ ಕೈಯಿಂದ ಜೋಪಾನವಾಗಿ ಹಿಡಿದುಕೊಂಡಳು. ಬೆರಳು ಎರಡನೇ ಪದಕ್ಕೆ ಹೋಯಿತು.

ಹೆಡ್ ಮೇಡಂಗೆ ಒಂದೂ ತಿಳಿಯಲಿಲ್ಲ. ಮುಂದೆ ಬಾಗಿ, ಕೊನೆಯ ಸಾಲಿನ ಹುಡುಗಿಯೊಬ್ಬಳನ್ನು ಏನಂತೆ ಎಂದು ಕೇಳಿದರು. ಹುಡುಗಿ ಇಷ್ಟೂ ಗೊತ್ತಾಗುವುದಿಲ್ಲವೇ ಎಂಬ ಮುಖ ಮಾಡಿ ತಿಳಿಸಿ ಹೇಳಿದಳು:

"ಎಳಿ ಕಡದ್ರ ಮಗ್ಗ ನಿಂದರ್ತೈತ್ರಿ ಮೇಡಂ, ಗಂಟ ಹಾಕಿದ್ರ ಮತ್ತ ನಡಿತೈತಿ. ಅದು ಸ್ಟಾಪ್. ಸೀರಿ ಮಡಚಿಟ್ರ ಆತು, ಅದು ಫಿನಿಶ್."

ನನಗೆ ಯಾಕೋ ಟ್ರಂಕಿನ ತಳದ ಸರ್ಟಿಫಿಕೇಟು ನೆನಪಾಯಿತು.

ಅಷ್ಟು ಹೊತ್ತಿಗೆ ವೈನಿಯ ದನಿ ಬಂದಿತ್ತು. ನಾನು ಕೊಟ್ಟದ್ದಲ್ಲ, ಅವರದೇ. ಕಿಟಕಿಯ ಗಾಜಿಗೆ ತಾಗಿ ವಾಪಸು ಬರುವಂಥದ್ದು. ಇಂಗ್ಲಿಷಿನಲ್ಲಿ ಒಂದು ವಾಕ್ಯ, ಬನಹಟ್ಟಿಯ ಕನ್ನಡದಲ್ಲಿ ಒಂದು ವಾಕ್ಯ. ಎಲ್ಲರೂ ಕಣ್ಣು ಮುಚ್ಚಿರಿ ಅಂದರು. ಹೊರಗೆ ರಸ್ತೆಯಾಚೆಯ ಮನೆಗಳಲ್ಲಿ ಮಗ್ಗಗಳು ಹೊಡೆಯುತ್ತಿದ್ದವು. ಇದು ಈಗ ನಿಮ್ಮ ಕಿವಿಗೆ ಬೀಳುತ್ತಿದೆಯಲ್ಲ, ಇದು ಹಿಯರ್. ಅದರೊಳಗೆ ಒಂದು ಮಗ್ಗ ನಿಂತಾಗ ಕೈ ಎತ್ತಿರಿ, ಅದು ಲಿಸನ್. ಬಹಳ ಹೊತ್ತಾಯಿತು. ನಾನೂ ಕಣ್ಣು ಮುಚ್ಚಿದ್ದೆ, ಆದರೆ ಹೆಡ್ ಮೇಡಂ ಸರಪಳಿ ಸರಿಮಾಡಿಕೊಳ್ಳುವುದನ್ನು ಮದುವೆಯಲ್ಲಿ ಹೇಗೆ ಮಾಡಿ ತೋರಿಸಲಿ ಎಂದು ಯೋಚಿಸುತ್ತಿದ್ದೆ. ಕಣ್ಣು ಬಿಟ್ಟಾಗ ಹದಿನೈದು ಕೈಗಳು ಮೇಲಿದ್ದವು. ಹೆಡ್ ಮೇಡಂ ಕೈ ಕೆಳಗಿತ್ತು. ನನ್ನದೂ.

ಪಾಠ ಮುಗಿದ ಮೇಲೆ ಹೆಡ್ ಮೇಡಂ, ತಿಳಿಸುತ್ತೇವೆ ಎಂದಷ್ಟೇ ಅಂದರು. ವಾಪಸು ಬಂದು ಮನೆಯ ಮುಂದೆ ಬೈಕಿನಿಂದ ಇಳಿದ ವೈನಿ, ಸೆರಗು ಸರಿ ಮಾಡಿಕೊಳ್ಳುತ್ತ, ಕೆಡಿಸಿಬಿಟ್ಟೆ ಅಂದರು. ಇಂಗ್ಲಿಷ್ ಶಾಲೆಯಲ್ಲಿ ಶೆಡ್ಡಿನ ಹಾಗೆ ಕೈ ಆಡಿಸಬಾರದಿತ್ತು, ಮಂದಿ ಏನಂದುಕೊಂಡಾರು ಅಂದರು. ಕೆಟ್ಟದ್ದು ನಾನು ಕೊಟ್ಟ ದನಿ, ನಿಮ್ಮ ಕೈ ಚೆಂದಿತ್ತು ಎಂದು ನನ್ನ ಬಾಯಿಗೆ ಬಂತು. ಜೊತೆಗೆ ಸಾವಳಗಿಯ ಆ ದಿನದ ಮಾತೂ ಬಂತು. ಎಂಥ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ, ಕೊನೆಗೆ ಯಾರದೂ ಅಲ್ಲದ ಒಂದು ದನಿಯಲ್ಲಿ, ತಪ್ಪಾತ್ರಿ ವೈನಿ ಅಂದೆ. ಯಾವುದು ತಪ್ಪು ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿ, ಗೊತ್ತೈತಿ ನಡಿ ಅಂದರು.

ಆಮೇಲಿನ ಐದು ದಿನ ಗೋಡೆಯ ಮೇಲೆ ಹೋಪ್ ಮತ್ತು ಎಕ್ಸ್‌ಪೆಕ್ಟ್ ಎಂಬ ಎರಡು ಪದ ಇದ್ದವು. ಎರಡೂ ದಾರಿ ಕಾಯುವುದೇ ಅಲ್ಲವೇ ಎಂದೆ. ಲಾಳಿಯಲ್ಲಿರುವ ನೂಲು ಇನ್ನು ಸ್ವಲ್ಪ ಹೊತ್ತಿಗೆ ತೀರುತ್ತದೆ, ಅದು ನನಗೆ ಗೊತ್ತು, ಅದು ಎಕ್ಸ್‌ಪೆಕ್ಟ್. ಅಲ್ಲಿಯವರೆಗೆ ಕರೆಂಟು ಹೋಗದಿರಲಿ ಅನ್ನುತ್ತೇನಲ್ಲ, ಅದು ಹೋಪ್, ಅಂದರು ವೈನಿ. ಶಾಲೆಯದು ಯಾವುದು ಎಂದು ಕೇಳಿದೆ. ಅವರು ಎಕ್ಸ್‌ಪೆಕ್ಟ್ ಎಂಬುದನ್ನು ಅಂಗೈಯಿಂದ ಒರೆಸಿ ಹಾಕಿದರು. ಒಂದೇ ಪದ ಉಳಿಯಿತು.

ಆರನೆಯ ದಿನ ಮಧ್ಯಾಹ್ನ ಆರೂ ಮಗ್ಗ ನಡೆಯುತ್ತಿರುವಾಗ ನನ್ನ ಫೋನು ಹೊಡೆದುಕೊಂಡಿತು. ಅರ್ಜಿಯಲ್ಲಿ ನನ್ನ ನಂಬರೇ ಕೊಟ್ಟಿದ್ದರು. ಹೊರಗೆ ಓಡಿ ಕಿವಿಗಿಟ್ಟುಕೊಂಡೆ. ಹೆಡ್ ಮೇಡಂ.

"ಅವರಿಗೆ ಹೇಳ್ರಿ, ಸೋಮವಾರದಿಂದ ಬರ್ಲಿ," ಅಂದರು. ಆಮೇಲೆ ಸೇರಿಸಿದರು: "ಎರಡನೇ ದನಿಯೊಳಗ ಪಾಠ ಮಾಡಿದ್ರಲ್ಲ, ಹಂಗ ಮಾಡ್ಲಿ. ಮೊದಲಿಂದು ಬ್ಯಾಡ."

ನನ್ನ ಕಲೆಗೆ ಸಿಕ್ಕ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಖರೆಯದು ಇನ್ನೊಂದಿಲ್ಲ. ಹೌದ್ರಿ ಮೇಡಂ ಅಂದೆ.

ಶೆಡ್ಡಿನ ಬಾಗಿಲಲ್ಲಿ ಬಂದು ನಿಂತೆ. ಇಷ್ಟು ದನಿ ಕಲಿತಿದ್ದೇನೆ, ಒಂದೂ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಕೆಲಸ ಸಿಕ್ಕಿತು ಎಂಬುದಕ್ಕೆ ನಮ್ಮ ಸನ್ನೆಯಲ್ಲಿ ಪದವಿಲ್ಲ, ಇಲ್ಲಿಯವರೆಗೆ ಬೇಕಾಗಿರಲೂ ಇಲ್ಲ. ಮೊದಲು ಬಾತುಕೋಳಿಯ ಕೊಕ್ಕು ಬಡಿದೆ. ಅಣ್ಣ ನೋಡಿದ, ನೂಲು ತರಲು ಬಂದಿದ್ದ ಅವ್ವ ನೋಡಿದಳು, ವೈನಿ ನೋಡಿದರು. ಅಂಗೈಯ ಮೇಲೆ ಬರೆದು ವೈನಿಯ ಹೆಸರು ಹೇಳಿದೆ. ಆಮೇಲೆ ಎರಡೂ ಮುಂಗೈಗಳನ್ನು ಒಂದರ ಸುತ್ತ ಒಂದು ಉರುಳಿಸಿದೆ. ಹೊಸ ಬೀಮ್.

ವೈನಿ ನನ್ನನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಅವರ ಮಗ್ಗದಲ್ಲಿ ಎಳೆ ಕಡಿಯಿತು. ಅಂಗೈ ಎತ್ತಿ ನನಗೆ ತಡಿ ಎಂದು ತೋರಿಸಿದರು. ಬಾಗಿ, ತುದಿ ಹುಡುಕಿ, ಗಂಟು ಹಾಕಿ, ಎಳೆದು ನೋಡಿ, ಮಗ್ಗ ಚಾಲೂ ಮಾಡಿದರು. ಆಗ ಅವ್ವ ಹೋಗಿ ಅವರ ಭುಜ ತಟ್ಟಿದಳು, ಅತ್ತ ಸರಿ ಎಂದು ಕೈ ಮಾಡಿ ತಾನು ಮೂರನೇ ಮಗ್ಗದ ಮುಂದೆ ನಿಂತಳು. ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ, ಕಣ್ಣೆಲ್ಲ ಸೀರೆಯ ಮೇಲೆ. ಆ ನೋಟಕ್ಕೆ ವಾಚ್ ಎನ್ನುತ್ತಾರೆ.

ವೈನಿ ಹೊರಗೆ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಅಭ್ಯಾಸದಂತೆ ಹಿತ್ತಲ ಕಡೆ ಎರಡು ಹೆಜ್ಜೆ ಹೋಗಿ ನಿಂತರು. ಮತ್ತೆ ತಿರುಗಿ ಬಂದು, ಮುಂಬಾಗಿಲ ಕಟ್ಟೆಯ ಮೇಲೆ ಓಣಿಗೆ ಮುಖ ಮಾಡಿ ಕೂತು, ಸಾವಳಗಿಗೆ ಫೋನು ಹಚ್ಚಿದರು. ತಾಯಿ ಫೋನು ಎತ್ತಿದ್ದೇ ತಡ, ಎರಡು ವರ್ಷದಿಂದ ಕಟ್ಟಿಟ್ಟ ದನಿಯನ್ನೆಲ್ಲ ಒಮ್ಮೆಲೇ ಬಿಟ್ಟರು. ಎದುರು ಮನೆಯವರು ಹೊರಗೆ ಬಂದರು. ಆಟೋದವನು ನಿಲ್ಲಿಸಿ ಯಾಕೆ ಜಗಳ ಎಂದು ನನ್ನನ್ನು ಕೇಳಿದ. ಜಗಳ ಅಲ್ಲ ಎಂದು ಕೈ ಮಾಡಿದೆ.

ಓಣಿಗೆಲ್ಲ ಅದು ಕೇಳಿಸಿತು. ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತು, ಬಾಯಿ ಮುಚ್ಚಿಕೊಂಡು, ಕೊನೆಯವರೆಗೂ ಕಿವಿಗೊಟ್ಟೆ.